ಕೆಚ್ಚಲು ಒಣಗಿದೆ ಎಂದವನು

"ಅಮ್ಮಾ, ಆಲ್ಗೊಟಜ್ಜ ಇವತ್ತು ಕಥೆ ಯಾಕೆ ಹೇಳ್ಲಿಲ್ಲ?"

ಐದು ವರ್ಷದ ತೂವೆ ಹೀಗೆ ಕೇಳಿದಾಗ ಮೈಕೆನ್ ಸಿಂಕಿನ ಮುಂದೆ ನಿಂತು ಫ್ಲಾಸ್ಕು ತೊಳೆಯುತ್ತಿದ್ದಳು. ಸೆಪ್ಟೆಂಬರಿನ ಮೊದಲ ಸೋಮವಾರ, ಬೇಟೆಯ ಮೊದಲ ದಿನ. ಕಿಟಕಿಯಾಚೆ ಸರೋವರದ ಮೇಲೆ ಇನ್ನೂ ಬೆಳಕು ಉಳಿದಿತ್ತು. ಅಜ್ಜನಿಗೆ ಸುಸ್ತಾಗಿರಬೇಕು ಎಂದಳು ಮೈಕೆನ್, ತಿರುಗಿ ನೋಡದೆ.

"ಸುಸ್ತಾದ್ರೆ ಬೂಟು ಬಿಚ್ತಾರೆ. ಅಜ್ಜ ಬಿಚ್ಚಲೇ ಇಲ್ಲ. ಬಾಗಿಲ ಹತ್ರಾನೇ ಕೂತಿದ್ದ."

ಮಗುವಿನ ಕಣ್ಣಿಗೆ ಬಿದ್ದದ್ದು ಬೇಟೆಮನೆಯಲ್ಲಿ ಕೂತಿದ್ದ ಹನ್ನೊಂದು ಮಂದಿ ದೊಡ್ಡವರಲ್ಲಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅಥವಾ ಬಿದ್ದರೂ, ವಯಸ್ಸಾಯಿತು ಎಂದುಕೊಂಡು ಸುಮ್ಮನಾಗಿದ್ದರು. ಕಾರಣ ಗೊತ್ತಿದ್ದವಳು ಮೈಕೆನ್ ಒಬ್ಬಳೇ.

ತೂವೆ ಅಜ್ಜ ಎಂದು ಕರೆದರೂ ನಂಟನಲ್ಲದ ಆಲ್ಗೊಟ್ ಬೇರ್ಗ್‌ಮಾರ್ಕ್‌ಗೆ ಅರವತ್ತೊಂಬತ್ತು ವರ್ಷ. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದರೆ, ಚಳಿಗಾಲದಲ್ಲಿ ಪುರುಸೊತ್ತಿರಲಿಲ್ಲ, ಬೇಸಿಗೆ ಬಹಳ ಚಿಕ್ಕದು ಎನ್ನುತ್ತಿದ್ದ. ಗ್ರಾನ್‌ಶೋ ಊರಿನ ರಸ್ತೆಗಳಲ್ಲಿ ಮೂವತ್ತೆಂಟು ಚಳಿಗಾಲ ಹಿಮ ಬಾಚುವ ಗಾಡಿ ಓಡಿಸಿದವನು. ತೂವೆ ಹುಟ್ಟಿದ ಫೆಬ್ರವರಿಯ ಆ ಬೆಳಗ್ಗೆ ಸೊಂಟದೆತ್ತರ ಹಿಮ ಬಿದ್ದಿತ್ತು. ಆಸ್ಪತ್ರೆ ಎಂಬತ್ತು ಕಿಲೋಮೀಟರ್ ದೂರ. ಮೈಕೆನ್ ಹಿಂದಿನ ಸೀಟಿನಲ್ಲಿ ಹಲ್ಲು ಕಚ್ಚಿ ಮಲಗಿದ್ದಳು. ಅವಳ ಗಂಡ ಯೋಆರ್ ಕಾರು ಓಡಿಸುತ್ತಿದ್ದ. ಮುಂದೆ ಆಸ್ಪತ್ರೆಯ ಗೇಟಿನವರೆಗೂ ಆಲ್ಗೊಟನ ಗಾಡಿಯ ಹಳದಿ ದೀಪ ಹಿಮವನ್ನು ಎರಡು ಕಡೆಗೆ ಸೀಳುತ್ತ ಹೋಯಿತು. ಆಮೇಲೆ ಕೇಕು ಒಯ್ದು ಕೊಟ್ಟಾಗ, ಹೇಗೂ ಆ ಕಡೆ ಹೋಗುವುದಿತ್ತು ಎಂದ. ಅವನ ಪಾಲಿನ ರಸ್ತೆ ಆ ಕಡೆ ಹನ್ನೆರಡನೇ ಕಿಲೋಮೀಟರಿಗೇ ಮುಗಿಯುತ್ತಿತ್ತು.

ಹಿಮ ಬಿಟ್ಟರೆ ಅವನ ಬದುಕಿನಲ್ಲಿ ಇದ್ದದ್ದು ಮೂಸ್ ಬೇಟೆ. ಕುದುರೆಗಿಂತ ಎತ್ತರದ ಆ ಜಿಂಕೆಯ ಹಿಂದೆ ಐವತ್ತೊಂದು ಶರತ್ಕಾಲ ಕಳೆದಿದ್ದ. ಗ್ರಾನ್‌ಶೋದ ಬೇಟೆ ತಂಡದಲ್ಲಿ ಒಂದು ರೂಢಿ ಇದೆ: ಅಂದು ಈಡು ಹೊಡೆದವನು ಸಂಜೆ ಬೇಟೆಮನೆಯಲ್ಲಿ ಆ ಕಥೆ ಹೇಳಬೇಕು. ಬೆಳಗ್ಗೆ ಬೂಟಿನ ದಾರ ಕಟ್ಟಿದ್ದರಿಂದ ಹಿಡಿದು ಪ್ರಾಣಿ ಬಿದ್ದವರೆಗೆ, ಒಂದನ್ನೂ ಬಿಡದೆ. ಅವನು ಮುಗಿಸುವ ತನಕ ಉಳಿದವರು ಕಾಫಿ ಮುಟ್ಟುವಂತಿಲ್ಲ. ಬೇರೆಯವರು ಐದು ನಿಮಿಷದಲ್ಲಿ ಮುಗಿಸಿದರೆ, ಆಲ್ಗೊಟ್ ಎಲ್ಲರ ಕಾಫಿಯೂ ಆರಿ ತಣ್ಣಗಾಗುವವರೆಗೆ ಎಳೆಯುತ್ತಿದ್ದ. ಅಲ್ಲಿನವರು ಕಾಫಿಗೆ ಹಾಕಿಕೊಳ್ಳುವ ಚೀಸಿನ ತುಂಡು ಲೋಟದ ತಳದಲ್ಲಿ ಗಟ್ಟಿಯಾಗುತ್ತಿತ್ತು, ಯಾರಿಗೂ ಬೇಸರವಿರಲಿಲ್ಲ. ಹೊಡೆದದ್ದಕ್ಕಿಂತ ತಪ್ಪಿದ್ದರ ಕಥೆಯೇ ಅವನ ಬಾಯಲ್ಲಿ ಚಂದ. ಒಂದು ಗಂಡು ಮೂಸ್ ಅವನ ಟೋಪಿಯನ್ನು ಕೊಂಬಿಗೆ ಸಿಕ್ಕಿಸಿಕೊಂಡು ಸರೋವರ ಈಜಿ ದಾಟಿತಂತೆ. ಆ ಟೋಪಿ ಒಂದು ವರ್ಷ ಕೆಂಪು, ಮರುವರ್ಷ ಹಸಿರು. ನಾಯಿ ಬಿಡುವ ಫೋಲ್ಕೆ ಪ್ರತಿ ಸೆಪ್ಟೆಂಬರಿನಲ್ಲೂ ಕೇಳುವವನೇ: "ಈ ಸಲ ಟೋಪಿ ಯಾವ ಬಣ್ಣನಪ್ಪಾ?"

ಮೈಕೆನ್‌ಗೆ ಬೇಟೆ ಕಲಿಸಿದವನೂ ಅವನೇ. ತೂವೆಗೆ ಮೂರು ತುಂಬಿದ ವರ್ಷ ಅವಳು ಬೇಟೆಗಾರರ ಪರೀಕ್ಷೆ ಬರೆದು ತಂಡಕ್ಕೆ ಸೇರಿದಳು. ಮೊದಲ ದಿನವೇ ಅಟ್ಟಣೆಯ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದ್ದ:

"ಹೆಣ್ಣು ಕಂಡ್ರೆ ಕೋವಿ ಎತ್ತಬೇಡ. ಮನಸ್ಸಲ್ಲೇ ಬೂಟಿನ ದಾರ ಬಿಚ್ಚಿ ಕಟ್ಟು. ಎರಡೂ ಬೂಟಿಂದು. ಹಿಂದೆ ಕರು ಇದ್ರೆ ಅಷ್ಟರಲ್ಲಿ ಬರುತ್ತೆ. ಬಂದ್ರೆ ಮೊದಲು ಕರು. ತಾಯೀನ ಮೊದಲು ಹೊಡೆದವನು ಎರಡನ್ನೂ ಕೊಂದ ಹಾಗೆ, ಒಂದನ್ನ ಇವತ್ತು, ಇನ್ನೊಂದನ್ನ ಫೆಬ್ರವರೀಲಿ."

ಅವಳು ಅದನ್ನು ತನ್ನ ದಿನಚರಿಯಲ್ಲಿ ಬರೆದಿಟ್ಟುಕೊಂಡಿದ್ದಳು. ತಾಯಿಯಿಲ್ಲದ ಕರು ಆಳವಾದ ಹಿಮದಲ್ಲಿ ಹೇಗೆ ಬಡಕಲಾಗುತ್ತ ಹೋಗುತ್ತದೆ ಎಂಬುದನ್ನು ಅವನು ಗಾಡಿಯ ಕಿಟಕಿಯಿಂದ ಕಂಡವನು. ಆ ಒಂದು ಕಥೆಯನ್ನು ಮಾತ್ರ ಬೇಟೆಮನೆಯಲ್ಲಿ ಎಂದೂ ಹೇಳಿದವನಲ್ಲ.

ಈ ಸೋಮವಾರ ಬೆಳಗ್ಗೆ ಊರವರು ವಿಧವೆಯ ಜೌಗು ಎಂದು ಕರೆಯುವ ಕೆಸರು ಬಯಲಿನ ಮೇಲೆ ಮಂಜು ಹಾಲಿನ ಕೆನೆಯ ಹಾಗೆ ಹರಡಿಕೊಂಡಿತ್ತು. ಆಲ್ಗೊಟ್ ಏಳನೆಯ ಅಟ್ಟಣೆಯಲ್ಲಿ, ಮೈಕೆನ್ ಜೌಗಿನ ಈಚೆ ದಂಡೆಯ ಎಂಟನೆಯದರಲ್ಲಿ. ಒಂಬತ್ತರ ಸುಮಾರಿಗೆ ಫೋಲ್ಕೆಯ ನಾಯಿ ದೂರದ ಗುಡ್ಡದಲ್ಲಿ ಬೊಗಳಲು ಶುರುಮಾಡಿತು. ಬೊಗಳುವ ಸದ್ದು ಹತ್ತಿರವಾಯಿತು, ನಿಂತಿತು, ಮತ್ತೆ ಹತ್ತಿರವಾಯಿತು. ಮಂಜು ಸ್ವಲ್ಪ ಹರಿದ ಕಡೆ, ಆಲ್ಗೊಟನ ಅಟ್ಟಣೆಯ ಎದುರಿಗೆ, ಒಂದು ಹೆಣ್ಣು ಮೂಸ್ ಮರಗಳ ಸಾಲಿನಿಂದ ಹೊರಗೆ ಕಾಲಿಟ್ಟಿತು. ಮೈಕೆನ್ ದುರ್ಬೀನು ಕಣ್ಣಿಗಿಟ್ಟುಕೊಂಡೇ ಮನಸ್ಸಿನಲ್ಲಿ ದಾರ ಬಿಚ್ಚತೊಡಗಿದಳು. ಎಡಗಾಲು, ದಾರ ಪೋಣಿಸುವ ಮೊದಲ ಕಣ್ಣು, ಎರಡನೆಯದು. ಮೂರನೆಯ ಕಣ್ಣಿಗೆ ಬಂದಾಗ ಈಡಿನ ಸದ್ದು ಜೌಗನ್ನೆಲ್ಲ ಅಲ್ಲಾಡಿಸಿತು.

ಬೇಗ ಆಯಿತಲ್ಲ ಎಂದುಕೊಂಡಳು. ಅಷ್ಟರಲ್ಲಿ ವಾಕಿಟಾಕಿಯಲ್ಲಿ ಅವನ ದನಿ: ಹೆಣ್ಣು, ಒಂಟಿ, ಬಿದ್ದಿದೆ. ತಂಡದ ಮುಖಂಡ ಸಿಗ್ವಾರ್ಡ್ ಒಳ್ಳೆಯದಾಯಿತು ಎಂದ. ಮುದುಕ ಅದನ್ನು ತನಗಿಂತ ಮೊದಲೇ ಕಂಡು ಕಾದಿರಬೇಕು ಎಂದು ಮೈಕೆನ್ ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಚರ್ಮ ಸುಲಿಯುವ ಕೊಟ್ಟಿಗೆಯಲ್ಲಿ ಪ್ರಾಣಿಯನ್ನು ಸರಪಳಿಯಿಂದ ಮೇಲಕ್ಕೆಳೆದರು. ಹೆಣ್ಣಾದರೆ ಚಾಕು ಹಾಕುವ ಮುಂಚೆ ಕೆಚ್ಚಲು ಹಿಂಡಿ ನೋಡುವುದು ನಿಯಮ. ಒಣಗಿದ್ದರೆ ಸರಿ. ಹಾಲಿದ್ದರೆ, ಕಾಡಿನಲ್ಲಿ ಎಲ್ಲೋ ಒಂದು ಕರು ನಿಂತಿದೆ ಎಂದರ್ಥ. ಅಂದಿನ ಬೇಟೆ ಅಲ್ಲಿಗೇ ನಿಲ್ಲುತ್ತದೆ, ಎಲ್ಲರೂ ಆ ಕರುವನ್ನು ಹುಡುಕಿ, ಹಿಮದಲ್ಲಿ ಹಸಿದು ಸಾಯುವ ಮೊದಲೇ ಹೊಡೆಯಲು ಹೊರಡುತ್ತಾರೆ. ತಪ್ಪಿ ಹೊಡೆದವನನ್ನು ತಂಡ ಬೈಯುತ್ತದೆ, ಕ್ಷಮಿಸುತ್ತದೆ. ಮುಚ್ಚಿಟ್ಟವನನ್ನು ಮಾತ್ರ ಮತ್ತೆ ಅಟ್ಟಣೆ ಹತ್ತಲು ಬಿಟ್ಟದ್ದಿಲ್ಲ. ಹಾಗೆ ಹೊರಗೆ ಬಿದ್ದವನು ಒಬ್ಬನಿದ್ದ. ಅವನು ಅಂಗಡಿಗೆ ಬಂದರೆ ಇವತ್ತಿಗೂ ಜನ ಹವಾಮಾನದ ಮಾತು ಬಿಟ್ಟು ಬೇರೆ ಆಡುವುದಿಲ್ಲ.

ಬೇರೆಯವರು ಹೊಡೆದದ್ದನ್ನು ಹಿಂಡಿ ನೋಡುವ ಕೆಲಸ ಎಷ್ಟೋ ವರ್ಷದಿಂದ ಆಲ್ಗೊಟನದು. ತಾನೇ ಹೊಡೆದದ್ದನ್ನು ಬೇರೆಯವರು ನೋಡಬೇಕಿತ್ತು. ಅದು ಯಾರಿಗೂ ಹೊಳೆಯಲಿಲ್ಲ. ಆಲ್ಗೊಟನಲ್ಲವೇ. ಅವನು ಬಗ್ಗಿ ಹಿಂಡಿದ. ಹಿಂಗಾಲು ಹಿಡಿದು ನಿಂತಿದ್ದವಳು ಮೈಕೆನ್. ಅವನ ಹೆಬ್ಬೆರಳ ಮೇಲೆ ಬೆಳ್ಳಗೆ ಒಂದು ಗೆರೆ ಇಳಿದು ಮಣಿಕಟ್ಟಿನವರೆಗೆ ಬಂತು.

"ಒಣಗಿದೆ," ಎಂದ ಆಲ್ಗೊಟ್. ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

ಎರಡು ವರ್ಷ ಮಗುವಿಗೆ ಹಾಲೂಡಿಸಿದವಳಿಗೆ ಹಾಲು ಯಾವುದು, ಕೊಬ್ಬು ಯಾವುದು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಅವಳು ಮುಖವೆತ್ತಿದಳು. ಅವನು ಆಗಲೇ ಚಾಕು ತೆಗೆದುಕೊಂಡಿದ್ದ.

ಸಂಜೆ ಬೇಟೆಮನೆಯಲ್ಲಿ ಮಕ್ಕಳು ಮರಿಗಳೆಲ್ಲ ಸೇರಿದಾಗ ಕಥೆ ಹೇಳು ಎಂದರು. "ಹೇಳೋಕೇನಿದೆ. ಬಂತು. ಬಿತ್ತು," ಎಂದ. ಫೋಲ್ಕೆ ಟೋಪಿಯ ಬಣ್ಣ ಕೇಳಿದ. ಆಲ್ಗೊಟ್ ಗೂಟದಿಂದ ತನ್ನ ಟೋಪಿ ತೆಗೆದು ತಲೆಗಿಟ್ಟುಕೊಂಡು ಹೊರಟುಹೋದ. ಅಷ್ಟು ಬಿಸಿಯಾದ ಕಾಫಿಯನ್ನು ಆ ಮನೆಯಲ್ಲಿ ಯಾರೂ ಕುಡಿದಿರಲಿಲ್ಲ ಎಂದು ಎಲ್ಲರೂ ನಕ್ಕರು.

ತೂವೆಯನ್ನು ಮಲಗಿಸಿ ಬಂದ ಮೇಲೆ ಮೈಕೆನ್ ಯೋಆರ್‌ಗೆ ಹೇಳಿದಳು. ಸಿಗ್ವಾರ್ಡ್‌ಗೆ ಈಗಲೇ ಫೋನು ಮಾಡು, ನಿನ್ನ ತಲೆಯ ಭಾರ ಇಳಿಯುತ್ತದೆ ಎಂದ ಅವನು. ಅವಳಿಗೂ ಅದು ಗೊತ್ತಿತ್ತು. ಕರು ತಾಯಿ ಬಿದ್ದ ಜಾಗಕ್ಕೆ ಮರಳಿ ಬರುತ್ತದೆ. ಒಂದು ದಿನ, ಹೆಚ್ಚೆಂದರೆ ಎರಡು. ನಾಳೆ ತಂಡ ಹೋಗುವುದು ಸರೋವರದ ಆಚೆ. ವಿಧವೆಯ ಜೌಗಿನಲ್ಲಿ ಯಾರೂ ಇರುವುದಿಲ್ಲ. ನಾಳೆ ಬೆಳಗ್ಗೆ ಬಿಟ್ಟರೆ ಕರು ಕೈತಪ್ಪಿದ ಹಾಗೆಯೇ. ಇತ್ತ ಫೋನು ಮಾಡಿದರೆ ಆಲ್ಗೊಟನಿಗೆ ಉಳಿಯುವುದೇನು? ಒಂದು ವೇಳೆ ಕರು ಮೊನ್ನೆಮೊನ್ನೆಯಷ್ಟೇ ಕರಡಿಯ ಬಾಯಿಗೆ ಬಿದ್ದು, ತಾಯಿಯ ಹಾಲು ಇನ್ನೂ ಇಂಗಿರದಿದ್ದರೆ? ಬೆರಳ ಮೇಲಿನ ಒಂದು ಗೆರೆಯನ್ನು ಹಿಡಿದು ಒಬ್ಬ ಮನುಷ್ಯನ ಹೆಸರು ಕೆಡಿಸುವುದೇ?

ಬೆಳಗ್ಗೆ ನಾನೇ ಹೋಗಿ ಗೊರಸಿನ ಗುರುತು ನೋಡುತ್ತೇನೆ, ಕಂಡರೆ ಅಲ್ಲಿಂದಲೇ ಸಿಗ್ವಾರ್ಡ್‌ಗೆ ಹೇಳುತ್ತೇನೆ ಎಂದು ತೀರ್ಮಾನಿಸಿದಳು. ದಿನಚರಿಯಲ್ಲಿ ಎಂದಿನಂತೆ ಗಾಳಿಯ ದಿಕ್ಕು, ಮಂಜು, ಹೆಣ್ಣು ಒಂದು ಎಂದು ಬರೆದು, ಕೆಚ್ಚಲು ಎಂಬ ಮಾತಿನ ಮುಂದೆ ಜಾಗ ಬಿಟ್ಟಳು.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಜೌಗಿನ ದಾರಿಗೆ ಬಂದಾಗ ಅಲ್ಲಿ ಆಲ್ಗೊಟನ ಹಳೆಯ ನೀಲಿ ಕಾರು ನಿಂತಿತ್ತು. ಬಾನೆಟ್ಟಿನ ಮೇಲೆ ಕೈಯಿಟ್ಟಳು. ತಣ್ಣಗಿತ್ತು. ಒಳಗೆ ಕೋವಿಯ ಚೀಲ ಖಾಲಿ.

ಕರುವನ್ನು ತಾನೇ ಹೊಡೆದು ಗುಟ್ಟಾಗಿ ಜೌಗಿನಲ್ಲಿ ಹೂಳಲು ಬಂದನೇ? ಅಥವಾ ಇನ್ನೇನಾದರೂ ಮನಸ್ಸಿನಲ್ಲಿದೆಯೇ? ಎರಡನೆಯದನ್ನು ಯೋಚಿಸಲೂ ಧೈರ್ಯವಾಗಲಿಲ್ಲ. ವಾಕಿಟಾಕಿಯ ಗುಂಡಿ ಒತ್ತಿ ಮೆಲ್ಲಗೆ ಅವನ ಹೆಸರು ಕರೆದಳು. ಅವನು ಕಾರಿನಲ್ಲೇ ಬಿಟ್ಟುಹೋಗಿದ್ದ ವಾಕಿಟಾಕಿಯಿಂದ ಅವಳದೇ ದನಿ ಕೇಳಿಸಿತು.

ಗುಂಡು ತುಂಬದ ಕೋವಿಯನ್ನು ಹೆಗಲಿಗೆ ಹಾಕಿಕೊಂಡು ನಡೆದಳು. ಮಂಜು ನಿನ್ನೆಗಿಂತ ದಟ್ಟವಾಗಿತ್ತು. ಮರಗಳ ಸಾಲು ಮುಗಿಯುವಲ್ಲಿಗೆ ಬಂದು ನಿಂತುಬಿಟ್ಟಳು. ಇನ್ನು ಮುಂದಿರುವುದು ಬಯಲು. ಏಳನೆಯ ಅಟ್ಟಣೆಯ ಕೋವಿ ನೋಡುವುದು ಇದೇ ಬಯಲನ್ನು. ತಲೆಯ ಮೇಲೆ ಕಿತ್ತಳೆ ಬಣ್ಣದ ಟೋಪಿ ಇತ್ತು. ಆದರೆ ನಿನ್ನೆ ಕರುವನ್ನು ಕಾಣದ ಕಣ್ಣಿಗೆ ಇವತ್ತು ಟೋಪಿ ಕಂಡೀತೇ?

ಆಗ ನೆನಪಾಯಿತು. ಆಗಸ್ಟಿನಲ್ಲಿ ಆಲ್ಗೊಟ್ ತೂವೆಗೆಂದು, ಮಾಗಿದರೆ ಕೆಂಪಿನಿಂದ ಹಳದಿಗೆ ತಿರುಗುವ ಜೌಗಿನ ಹಣ್ಣು ಒಂದು ಬಕೆಟು ಆರಿಸಿ ತಂದಿದ್ದ. ಅರ್ಧಕ್ಕರ್ಧ ಹಣ್ಣಾಗದ ಕೆಂಪು ಕಾಯಿ. ಅವಸರದಲ್ಲಿ ಆರಿಸಿರಬೇಕು ಎಂದು ಅವಳು ನಕ್ಕು ಬೇರೆ ಮಾಡಿದ್ದಳು. ಆರು ದಶಕ ಆ ಹಣ್ಣು ಆರಿಸಿದವನು ಅವಸರದಲ್ಲೂ ಕಾಯಿಗೆ ಕೈ ಹಾಕುವವನಲ್ಲ. ಅವನಿಗೆ ಬಣ್ಣ ಕಂಡಿರಲಿಲ್ಲ.

ಕೂಗಿ ಕರೆದರೆ ಅವನಿಗೆ ಕೇಳಿಸುತ್ತದೆ, ತನ್ನ ಜೀವ ಉಳಿಯುತ್ತದೆ. ಆದರೆ ಕರು ಹತ್ತಿರದಲ್ಲಿದ್ದರೆ ಆ ಕೂಗಿಗೆ ಓಡಿಹೋದದ್ದು ಮತ್ತೆ ಬರುವುದಿಲ್ಲ. ಮನೆಯಲ್ಲಿ ಮಲಗಿರುವ ತೂವೆ ಕಣ್ಣ ಮುಂದೆ ಬಂದಳು. ಮೈಕೆನ್ ಕೂಗಲಿಲ್ಲ, ಬಯಲಿಗೂ ಇಳಿಯಲಿಲ್ಲ. ಬಂದ ದಾರಿಯಲ್ಲೇ ಹಿಂದೆ ಸರಿದು, ಮರಗಳ ಒಳಗೇ ದೊಡ್ಡ ಸುತ್ತು ಹಾಕಿ, ಅಟ್ಟಣೆಯ ಬೆನ್ನ ಕಡೆಗೆ ಬಂದಳು. ಇಪ್ಪತ್ತು ನಿಮಿಷ ಹಿಡಿಯಿತು. ಇಪ್ಪತ್ತು ನಿಮಿಷವೂ ಯಾವ ಗಳಿಗೆಯಲ್ಲಿ ಈಡಿನ ಸದ್ದು ಬೀಳುತ್ತದೋ ಎಂದು ಕಿವಿ ನೆಟ್ಟಗಾಗಿತ್ತು.

ಏಣಿಯ ಕೆಳಗೆ ನಿಂತು ಪಿಸುಗುಟ್ಟಿದಳು. "ಆಲ್ಗೊಟ್. ನಾನು, ಮೈಕೆನ್."

ಮೇಲೆ ಹಲಗೆಯ ಮೇಲೆ ಬೂಟು ಸರಿದ ಸದ್ದಾಯಿತು. ಆಮೇಲೆ, "ನೀನು ಕಾರಿಂದ ಇಳಿದಾಗ್ಲೇ ಕೇಳಿಸ್ತು. ಹತ್ತಿ ಬಾ. ಎರಡನೇ ಮೆಟ್ಟಿಲು ತುಳೀಬೇಡ, ಕಿರುಗುಟ್ಟುತ್ತೆ."

ಕೋವಿ ಮೂಲೆಗೆ ಒರಗಿತ್ತು. ನಾಲ್ಕು ಗುಂಡುಗಳನ್ನು ಹೊರತೆಗೆದು ಹಲಗೆಯ ಮೇಲೆ ಸಾಲಾಗಿ ಇಟ್ಟಿದ್ದ. ಅವನ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು.

"ನಾನೇ ಹೊಡೆದು ಮುಗಿಸೋಣ, ಯಾರಿಗೂ ಗೊತ್ತಾಗಲ್ಲ ಅಂತ ಬಂದೆ," ಎಂದ, ಅವಳ ಕಡೆ ನೋಡದೆ. "ಬಂದು ಕೂತ್ರೆ ಎದುರಿಗಿರೋದು ಕರುವೋ ಪೊದೆಯೋ ತಿಳೀಲಿಲ್ಲ. ಅದಕ್ಕೇ ಗುಂಡು ತೆಗೆದಿಟ್ಟೆ."

"ನಿನ್ನೆ?"

"ನಿನ್ನೆ ದಾರ ಬಿಚ್ಚೋಕೆ ಶುರು ಮಾಡಿದೆ. ಮೂಸ್ ಮಸುಕಾಗ್ತಾ ಬಂತು. ಮಂಜೋ ಕಣ್ಣೋ ಗೊತ್ತಾಗ್ಲಿಲ್ಲ. ಈಗ ಬಿಟ್ರೆ ಇನ್ನು ಕಾಣಲ್ಲ ಅನ್ನಿಸ್ತು. ಆಲ್ಗೊಟನ ಎದುರಿಗೇ ಹಾದು ಹೋಯ್ತಂತೆ, ಹೊಡೀಲಿಲ್ಲವಂತೆ ಅಂತಾರಲ್ಲ, ಆ ಮಾತಿಗೆ ಹೆದರಿದೆ ಕಣೆ."

ಅವಳು ಏನೋ ಹೇಳಲು ಹೊರಟಳು. ಅವನು ಕೈಯೆತ್ತಿ ತಡೆದ. ಜೌಗಿನ ಕಡೆಯಿಂದ ಸಣ್ಣ, ಮೂಗಿನಿಂದ ಬಂದ ಹಾಗಿದ್ದ ಒಂದು ನರಳಿಕೆ ಕೇಳಿಸಿತು. ಮತ್ತೊಮ್ಮೆ.

"ಅರ್ಧ ಗಂಟೆಯಿಂದ ಹೀಗೇ ಕರೀತಿದೆ," ಎಂದ. "ಎಲ್ಲಿದೆ?"

ಮೈಕೆನ್ ನೋಡಿದಳು. ನಿನ್ನೆ ತಾಯಿ ಬಿದ್ದ ಕಡೆ ಪಾಚಿ ರಕ್ತದಿಂದ ಇನ್ನೂ ಕಪ್ಪಗಿತ್ತು. ಅದರ ಮೇಲೆ ಮೂತಿಯಿಟ್ಟುಕೊಂಡು ಕರು ನಿಂತಿತ್ತು, ಕಾಲು ಉದ್ದ, ಮೈ ಗಿಡ್ಡ. ತೊಂಬತ್ತು ಮೀಟರ್ ಇರಬಹುದು. ಮುಖಂಡನ ಒಪ್ಪಿಗೆಯಿಲ್ಲದೆ ಹೊಡೆಯುವಂತಿಲ್ಲ. ಒಪ್ಪಿಗೆ ಕೇಳಬೇಕಾದರೆ ಕರು ಯಾರದು, ಹೇಗೆ ಬಂತು ಎಂದು ಹೇಳಬೇಕು. ಅದೂ ಈಗಲೇ, ಕರು ಎಷ್ಟು ಹೊತ್ತು ನಿಲ್ಲುತ್ತದೋ ಯಾರಿಗೆ ಗೊತ್ತು. ಗ್ರಾನ್‌ಶೋದ ಬೇಟೆಗಾರರೆಲ್ಲ ವಾಕಿಟಾಕಿ ಹಾಕಿಟ್ಟುಕೊಂಡು ರೊಟ್ಟಿಗೆ ಬೆಣ್ಣೆ ಸವರುವ ಹೊತ್ತು ಅದು. ಸಿಗ್ವಾರ್ಡ್‌ಗೆ ಹೇಳಿದ್ದು ಎಲ್ಲರಿಗೂ ಹೇಳಿದ ಹಾಗೆಯೇ.

ಅವಳು ತನ್ನ ವಾಕಿಟಾಕಿಯನ್ನು ಅವನ ಅಂಗೈಯಲ್ಲಿಟ್ಟಳು.

"ನಾನು ಹೇಳಿದ್ರೆ ಚಾಡಿ ಆಗುತ್ತೆ. ನೀನೇ ಹೇಳು."

ಅವನು ಅದನ್ನು ಹಿಡಿದುಕೊಂಡು ಕೂತ. ಕರು ಕಿವಿಯೆತ್ತಿ ಮರಗಳ ಕಡೆ ಎರಡು ಹೆಜ್ಜೆ ಹಾಕಿತು. ಹೋಗುತ್ತಿದೆ ಎಂದಳು ಮೈಕೆನ್. ಹೇಳಬೇಕೆಂದು ಹೇಳಿದ್ದಲ್ಲ, ಬಾಯಿಂದ ಜಾರಿತು. ಆಲ್ಗೊಟ್ ಗುಂಡಿ ಒತ್ತಿದ.

"ಸಿಗ್ವಾರ್ಡ್. ಏಳನೇ ಅಟ್ಟಣೆಯಿಂದ ಆಲ್ಗೊಟ್. ನಿನ್ನೆ ಕೆಚ್ಚಲು ಒಣಗಿರಲಿಲ್ಲ. ಹಾಲಿತ್ತು. ಗೊತ್ತಿದ್ದೇ ಸುಳ್ಳು ಹೇಳಿದೆ."

ಜೌಗಿನ ಮೇಲೆ ಮಂಜು ಮಾತ್ರ ಅಲ್ಲಾಡುತ್ತಿತ್ತು. ಸಿಗ್ವಾರ್ಡ್ ಕೇಳಿದ್ದು ಒಂದೇ: ಕರು ಕಾಣಿಸುತ್ತಿದೆಯೇ?

"ನಂಗೆ ಕಾಣಲ್ಲ. ಮೈಕೆನ್‌ಗೆ ಕಾಣುತ್ತೆ."

"ಅವಳು ಹೊಡೀಲಿ."

ಮೈಕೆನ್ ತನ್ನ ಕೋವಿಗೆ ಗುಂಡು ತುಂಬಿ ಅಟ್ಟಣೆಯ ಕಟಕಟೆಯ ಮೇಲೆ ಊರಿದಳು. ಕರು ಅವಳಿಗೆ ಬೆನ್ನು ಮಾಡಿ ನಿಂತಿತ್ತು. ಹಾಗೆ ಹೊಡೆದರೆ ಗಾಯವಾಗುತ್ತದೆ, ಸಾಯುವುದಿಲ್ಲ. ಇನ್ನೂ ನಾಲ್ಕು ಹೆಜ್ಜೆ ಹೋದರೆ ಮರಗಳ ಮರೆ. ಬೆರಳು ತಾನಾಗಿ ಬಿಗಿಯಾಗುತ್ತಿತ್ತು. ಪಕ್ಕದಲ್ಲಿ ಆಲ್ಗೊಟನ ಉಸಿರು ಕೇಳಿಸಿತು, ಆಮೇಲೆ ಅವನ ಪಿಸುಮಾತು.

"ದಾರ ಬಿಚ್ಚು."

ಎಡಗಾಲಿನದು ಬಿಚ್ಚಿದಳು, ಕಟ್ಟಿದಳು. ಕರು ಒಂದು ಹೆಜ್ಜೆ ಹೋಗಿ ನಿಂತಿತು. ಬಲಗಾಲಿನದು ಬಿಚ್ಚಿದಳು. ಗಂಟು ಹಾಕುವ ಹೊತ್ತಿಗೆ ಕರು ಮರಗಳನ್ನು ಬಿಟ್ಟು, ತಾಯಿ ಬಿದ್ದಿದ್ದ ಕಡೆಗೆ ಮತ್ತೆ ತಿರುಗಿತು. ಪಕ್ಕೆ ಪೂರ್ತಿ ಕಂಡಿತು. ಹೊಡೆದಳು. ಕರು ನಿಂತಲ್ಲೇ ಕುಸಿಯಿತು, ಕಾಲನ್ನೂ ಆಡಿಸಲಿಲ್ಲ.

ಮೈಕೆನ್ ಅಟ್ಟಣೆಯಿಂದ ಇಳಿದು ಕರುವಿನ ಹತ್ತಿರ ಹೋದಳು. ಕರುವಿನ ಮುಖವನ್ನು ನೋಡದೆ ಇರಬೇಕು ಎಂದುಕೊಂಡರೂ ನೋಡಿದಳು, ಅದರ ರೆಪ್ಪೆ ಮುಚ್ಚಿದಳು. ಹೊಟ್ಟೆ ಬಗೆಯುವ ಕೆಲಸವನ್ನು ಆಲ್ಗೊಟ್ ಮಾಡಿದ. ಅದಕ್ಕೆ ಅವನಿಗೆ ಕಣ್ಣು ಬೇಕಿರಲಿಲ್ಲ. ಬೆರಳುಗಳು ಚಾಕುವಿನ ಮುಂದೆ ಮುಂದೆ ದಾರಿ ತಡವಿಕೊಂಡು ಹೋದವು. ಮುಗಿದ ಮೇಲೆ ಪಾಚಿಯಲ್ಲಿ ಕೈ ಒರೆಸಿಕೊಂಡು, ವಸಂತದಿಂದಲೇ ಬಲಗಣ್ಣು ಹೀಗಾಗಿದೆ, ಡಾಕ್ಟರ ಹತ್ತಿರ ಹೋದರೆ ಕೋವಿ ಬಿಡು ಎನ್ನುತ್ತಾರೆಂದು ಹೋಗಿಲ್ಲ ಎಂದ. ನಾಳೆ ನಾನು ಪೇಟೆಗೆ ಹೋಗುವುದಿದೆ, ಎಂಟಕ್ಕೆ ನಿನ್ನ ಬಾಗಿಲಲ್ಲಿ ಇರುತ್ತೇನೆ ಎಂದಳು ಮೈಕೆನ್. ಪೇಟೆಯಲ್ಲಿ ಅವಳಿಗೆ ಯಾವ ಕೆಲಸವೂ ಇರಲಿಲ್ಲ.

ಸಿಗ್ವಾರ್ಡ್ ಬಂದವನು ಕರುವನ್ನು ನೋಡಿದ, ಆಲ್ಗೊಟನನ್ನು ನೋಡಿದ. ಬೈಯಲಿಲ್ಲ, ಬೈದಿದ್ದರೆ ಹಗುರವಾಗುತ್ತಿತ್ತು. ಆಲ್ಗೊಟ್ ಜೇಬಿನಿಂದ ನಾಲ್ಕು ಗುಂಡು ತೆಗೆದು ಅವನ ಕೈಗೆ ಹಾಕಿದ. ನೀನೇ ಬಾಯಿಬಿಟ್ಟದ್ದರಿಂದ ಅಟ್ಟಣೆ ಈ ವರ್ಷಕ್ಕೆ ಮಾತ್ರ ಮುಗಿಯಿತು ಎಂದ ಸಿಗ್ವಾರ್ಡ್. ಕೊಟ್ಟಿಗೆಯಲ್ಲಿ ಚಾಕು ಹಿಡಿಯಬಹುದೋ ಬೇಡವೋ ಎಂಬುದನ್ನು ತಂಡ ಸಂಜೆ ತೀರ್ಮಾನಿಸುತ್ತದೆ, ಅವನ ಬಾಯಿಂದ ಕಥೆ ಪೂರ್ತಿ ಕೇಳಿದ ಮೇಲೆ.

ಕಾರುಗಳ ಹತ್ತಿರ ಬಂದಾಗ ಆಲ್ಗೊಟ್ ಬಾಗಿಲ ಹಿಡಿಯ ಮೇಲೆ ಕೈಯಿಟ್ಟು ನಿಂತ. ಕೀಲಿಕೈ ಕೊಡು, ನಾನು ಓಡಿಸುತ್ತೇನೆ ಎಂದು ಮೈಕೆನ್ ಕೈ ಚಾಚಿದಳು. ಕೊಟ್ಟ.

"ತೂವೆ ನಿನ್ನೆ ಕೇಳಿದ್ಲು," ಎಂದಳು. "ಅಜ್ಜ ಯಾಕೆ ಕಥೆ ಹೇಳ್ಲಿಲ್ಲ ಅಂತ."

ಅವನು ತಲೆ ತಗ್ಗಿಸಿ ಬೂಟು ನೋಡಿಕೊಂಡ. ನಿನ್ನೆಯಿಂದ ಅವನ್ನು ಬಿಚ್ಚಿರಲಿಲ್ಲವೆಂದು ನೋಡಿದರೇ ತಿಳಿಯುತ್ತಿತ್ತು. ದಾರದ ಮೇಲಿನ ಕೆಸರು ಒಣಗಿ ಬಿರುಕು ಬಿಟ್ಟಿತ್ತು.

"ಮೈಕೆನ್, ಒಂದು ಉಪಕಾರ ಮಾಡ್ತೀಯಾ?"

ನನ್ನ ಬದಲು ನೀನೇ ಹೇಳಿಬಿಡು ಎನ್ನುತ್ತಾನೆ ಎಂದುಕೊಂಡಳು. ಆಗುವುದಿಲ್ಲ ಎನ್ನುವುದು ಹೇಗೆ ಎಂದು ಆಗಲೇ ಯೋಚಿಸುತ್ತಿದ್ದಳು.

"ಸಂಜೆ ನನ್ನ ಪಕ್ಕ ಕೂತ್ಕೋ. ಐವತ್ತೊಂದು ವರ್ಷ ನಾನು ಹೇಳಿದ್ದೆಲ್ಲ ಸ್ವಲ್ಪ ಚಂದ ಮಾಡೇ ಹೇಳಿದ್ದು, ನಿಂಗೂ ಗೊತ್ತು. ಇದನ್ನೂ ಹಾಗೇ ಶುರು ಮಾಡಿದ್ರೆ, ಮಂಜು ದಟ್ಟ ಇತ್ತು, ಕರು ದೂರ ಇತ್ತು ಅಂತ, ಅಲ್ಲೇ ನಿಲ್ಲಿಸು. ಮೊಣಕೈಲಿ ತಿವಿದ್ರೆ ಸಾಲಲ್ಲ. ಎಲ್ಲರಿಗೂ ಕೇಳೋ ಹಾಗೆ ಬಾಯಿಬಿಟ್ಟು ಹೇಳು."